ಬಾಗಿಲು ಎಷ್ಟು ಸಲ ತೆರೆಯಿತು

ಬೇನಜೀರ ಸುಲಭಕ್ಕೆ ಸೋಲೊಪ್ಪುವ ಪೈಕಿಯಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜೊಂದರಲ್ಲಿ ಚೀಲಗಳ ಪಟ್ಟಿ ತೋರಿಸುವ ಪ್ರೋಗ್ರಾಂ ಬರೆದವಳು ಅವಳೇ. ಶುಕ್ರವಾರ ಆ ಪಟ್ಟಿ ತೆರೆಯಲು ನಾಲ್ಕು ನಿಮಿಷ ಹಿಡಿಯಿತು. ಹೊರಗೆ ರೈತರ ಗದ್ದಲ. ಮಾಲೀಕ ಕಲ್ಲೇಶ ಹಳೆಯ ದಪ್ಪ ರಿಜಿಸ್ಟರನ್ನು ತಂದು ಅವಳ ಮೇಜಿನ ಮೇಲೆ ಧೊಪ್ಪನೆ ಹಾಕಿದರು.

"ಸೋಮವಾರ ಪ್ಯಾಟ್ಯಾಗ ಮೆಣಸಿನಕಾಯಿ ಟೆಂಡರ್ ಐತಿ. ಅಷ್ಟರಾಗ ಇದು ಲಗೂ ತೆರೀಲಿಲ್ಲಂದ್ರ, ರಿಜಿಸ್ಟರ್ ಬರಿಯಾಕ ಬ್ಯಾರೆಯವರನ್ನ ಕುಂದ್ರಸ್ತೇನಿ."

ಕೆಲಸ ಹೋಗುತ್ತದೆ ಎಂದರ್ಥ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೂ ತನ್ನ ಮೇಲೆಯೇ.

ಅವಳ ಪ್ರೋಗ್ರಾಂ ಚೀಲಗಳ ಮಾಹಿತಿ ಕೂಡಿಟ್ಟ ಡೇಟಾಬೇಸನ್ನು ನೇರವಾಗಿ ಮಾತಾಡಿಸುವುದಿಲ್ಲ. ನಡುವೆ ಓಆರ್‌ಎಂ ಎಂಬ ದಲಾಲ. ಇವಳು ತನ್ನ ಭಾಷೆಯಲ್ಲಿ 'ಇಂದಿನ ಚೀಲಗಳು' ಎಂದು ಬರೆದರೆ, ಅವನು ಡೇಟಾಬೇಸಿನ ಭಾಷೆಯಲ್ಲಿ ಕೇಳಿ ತರುತ್ತಾನೆ. ಯಾವಾಗ ಕೇಳುತ್ತಾನೆ ಎಂಬುದನ್ನು ಮಾತ್ರ ಅವಳು ಒಮ್ಮೆಯೂ ವಿಚಾರಿಸಿರಲಿಲ್ಲ. ಬರೆದ ಸಾಲಿನಲ್ಲೇ ಕೇಳುತ್ತಾನೆಂದು ನಂಬಿ, ಶನಿವಾರ ಮಧ್ಯಾಹ್ನದವರೆಗೂ ಅದೊಂದೇ ಸಾಲನ್ನು ತಿದ್ದಿದ್ದೇ ತಿದ್ದಿದ್ದು. ಗಾಣದೆತ್ತಿನಂತೆ ಸುತ್ತಿದ್ದಷ್ಟೇ ಬಂತು.

ಚಹಾಕ್ಕೆಂದು ಹೊರಬಂದಾಗ ಹಮಾಲ ಮೈಲಪ್ಪ, ಯಾರ ಚೀಲ ಹೊರತರಬೇಕೆಂದು ಬರೆದ ಚೀಟಿಗಳನ್ನು ಕೈತುಂಬ ಹಿಡಿದು ತಂಪು ಕೋಣೆಯ ಮುಂದೆ ಆರಾಮಾಗಿ ಕೂತಿದ್ದ.

"ಕಾಕಾ, ಚೀಟಿ ಬಂದು ಅರ್ಧಾ ತಾಸಾತು. ಚೀಲ ಯಾಕ ತಂದಿಲ್ರಿ?"

"ಚೀಟಿ ಬರದ್ರ ಚೀಲ ಎದ್ದು ಬರ್ತಾವೇನವ್ವಾ? ಗಾಡಿ ಬಂದು ನಿಂತಾಗ ಬಾಗಲಾ ತಗೀತೇನಿ. ಒಮ್ಮೆ ತಗದ್ರ ಎಲ್ಲಾ ಚೀಟೀದೂ ತರ್ತೇನಿ. ಚೀಟಿಗೊಮ್ಮೆ ತಗದ್ರ ಒಳಗಿನ ತಂಪು ಉಳೀತೈತೇನು?"

ಚಹಾ ಅಲ್ಲೇ ಉಳಿಯಿತು. ದಲಾಲ ಕೇಳುವ ಪ್ರತಿ ಪ್ರಶ್ನೆಯೂ ಪರದೆಯ ಮೇಲೆ ಮೂಡುವಂತೆ ಮಾಡಿ, ಪ್ರೋಗ್ರಾಮನ್ನು ಒಂದೊಂದೇ ಸಾಲು ನಡೆಸಿದಳು. ಎರಡು ದಿನ ತಿದ್ದಿದ ಸಾಲು ದಾಟಿತು. ಒಂದು ಪ್ರಶ್ನೆಯೂ ಇಲ್ಲ. ಅದು ಬರೀ ಚೀಟಿ. ಪಟ್ಟಿ ಪರದೆಯ ಮೇಲೆ ಮೂಡಲು ಶುರುವಾದಾಗ ಮೊದಲ ಪ್ರಶ್ನೆ ಹೋಯಿತು. ಆಮೇಲೆ ಪ್ರತಿ ಚೀಲದ ಪಕ್ಕ ರೈತನ ಹೆಸರು ತೋರಿಸುವಾಗಲೂ ಮತ್ತೊಂದು. ಎರಡು ಸಾವಿರ ಚೀಲಕ್ಕೆ ಎರಡು ಸಾವಿರ ಸಲ ಬಾಗಿಲು ತೆರೆದಿತ್ತು!

"ಎಂಥಾ ಹುಚ್ಚಿ ನಾನು," ಎಂದು ಹಣೆ ಬಡಿದುಕೊಂಡಳು. ಚೀಲದ ಜೊತೆಗೇ ರೈತನ ಹೆಸರನ್ನೂ ತರಬೇಕೆಂದು ದಲಾಲನಿಗೆ ಮೊದಲೇ ಹೇಳಿಬಿಟ್ಟಳು. ಪ್ರಶ್ನೆಗಳು ಒಂದಕ್ಕೆ ಇಳಿದವು. ಆದರೂ ಬಿಡಲಿಲ್ಲ, ಭಾನುವಾರವೂ ಬಂದು ಉಳಿದ ಪುಟಗಳಲ್ಲೂ ಪ್ರಶ್ನೆಗಳನ್ನು ಎಣಿಸಿದಳು.

ಸೋಮವಾರ ಕಾಗಿನೆಲೆಯ ಗಾಡಿ ಮೊದಲು ಬಂತು. ಕಲ್ಲೇಶ ಕೈಗಡಿಯಾರ ನೋಡುತ್ತ ಅವಳ ಹಿಂದೆ ನಿಂತರು. ಅವರು ತಲೆ ಎತ್ತುವಷ್ಟರಲ್ಲಿ ಪಟ್ಟಿ ತೆರೆದಿತ್ತು.

"ಏನ್ ಮಾಡಿದಿ?"

"ಬಾಗಲಾ ಯಾವಾಗ ತೆರೀತೈತಿ ಅಂತ ತಿಳ್ಕೊಂಡೆರಿ." ಬೇನಜೀರ ರಿಜಿಸ್ಟರನ್ನು ಎತ್ತಿ ಅವರ ಕೈಗಿಟ್ಟಳು. "ಇದನ್ನ ಒಳಗ ಇಡ್ರಿ ಸಾವ್ಕಾರ್ರ. ಮೇಜಿನ ಮ್ಯಾಲೆ ನನಗ ಜಾಗಾ ಬೇಕಾಗೈತಿ."