ಫೋಟೊದ ಅಂಚಿನ ಹೆಬ್ಬೆರಳು

ಅತ್ತೆಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹರೆಯದಲ್ಲಿ ಭತ್ತ ಕೊಯ್ಯುವಾಗ ಕತ್ತಿ ತಾಗಿತ್ತಂತೆ. ಸೀಳಿನೊಳಗೆ ಗದ್ದೆಯ ಮಣ್ಣು ಕೂತಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳಿನಿಂದ ನನ್ನ ಮುಂಗೂದಲನ್ನು ಹಿಂದಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಫೋನು ಹಿಡಿದು, ಅವರು ನನ್ನ ಹಣೆಯ ಫೋಟೊ ತೆಗೆಯುತ್ತಿದ್ದರು.

ಹುಬ್ಬುಗಳ ನಡುವೆ, ಟಿಕ್ಲಿ ಅಂಟಿಸುವ ಜಾಗದಲ್ಲೇ, ನನಗೆ ಬಿಳಿ ಕಲೆ ಎದ್ದಿತ್ತು. ಕಾರವಾರದ ಚರ್ಮದ ಡಾಕ್ಟರು ನೋಡಿ, ಇದು ಟಿಕ್ಲಿಯ ಅಂಟಿನಿಂದ ಆದದ್ದು ಎಂದರು. ಮುಲಾಮು ಬರೆದುಕೊಟ್ಟು, ಇನ್ನು ಟಿಕ್ಲಿ, ಕುಂಕುಮ ಯಾವುದೂ ಬೇಡ ಎಂದರು. ಹದಿನೈದು ದಿನಕ್ಕೊಮ್ಮೆ ಫೋಟೊ ಕಳಿಸಬೇಕು: ಅದೇ ಜಾಗ, ಅದೇ ಹೊತ್ತಿನ ಬೆಳಕು, ಫ್ಲ್ಯಾಶ್ ಇಲ್ಲದೆ, ಚರ್ಮದ ಗೆರೆ ಗೆರೆ ಕಾಣುವಷ್ಟು ಹತ್ತಿರದಿಂದ. ನಾನೇ ತೆಗೆದುಕೊಂಡರೆ ಮಸುಕಾಗುತ್ತಿತ್ತು. ಗಂಡನನ್ನು ಕೇಳೋಣವೆಂದರೆ ಬೋಳು ಹಣೆಯಲ್ಲಿ ಅವರೆದುರು ಕೂರಲು ನಾಚಿಕೆ. ಮನೆಯಲ್ಲಿ ಉಳಿದವರು ಅತ್ತೆ. ಮಾವ ತೀರಿಕೊಂಡ ಮೇಲೆ ಅವರ ಹಣೆಯೂ ಬೋಳೇ ಆಗಿತ್ತು, ಅವರ ಮುಂದೆ ಎಂಥ ನಾಚಿಕೆ ಎಂದುಕೊಂಡೆ. ಹಾಗೆ ಯೋಚಿಸಿದ್ದನ್ನು ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ಹಟ್ಟಿಕೇರಿಯ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬೀಳುತ್ತದೆ. ಅಲ್ಲಿ ಮಣೆ ಹಾಕಿ ನನ್ನನ್ನು ಕೂರಿಸುವರು. "ಉಸ್ರ ಹಿಡಿ ಮಗಾ," ಎಂದು ಹೇಳಿ ತಾವೇ ಉಸಿರು ಹಿಡಿಯುವರು. ಫೋಟೊ ಬಂದಮೇಲೆ ಬಿಟ್ಟು, "ಯಪ್ಪಾ, ನಂಗೇ ಜೀವ ಹೋತು," ಎಂದು ನಗುವರು. ಪ್ರತಿ ಫೋಟೊದ ಅಂಚಿನಲ್ಲೂ ಆ ಸೀಳು ಉಗುರು ಬರುತ್ತಿತ್ತು. ಡಾಕ್ಟರು ಏನೆಂದುಕೊಂಡಾರು ಎಂದು ನಾನು ಅದನ್ನು ಕತ್ತರಿಸಿ, ಹಣೆಯನ್ನಷ್ಟೇ ಉಳಿಸಿ ಕಳಿಸುತ್ತಿದ್ದೆ.

ಮುಲಾಮು ಖಾಲಿಯಾಗುತ್ತಿತ್ತು, ಕಲೆ ಮಾತ್ರ ದೊಡ್ಡದಾಗುತ್ತಿತ್ತು. "ಟಿಕ್ಲಿ ಬಿಟ್ಟಿದ್ದೀರಿ ತಾನೆ?" ಎಂದು ಡಾಕ್ಟರು ಫೋನಿನಲ್ಲಿ ಕೇಳಿದಾಗ ಹೌದೆಂದೆ. ನಿಜವೇನೆಂದರೆ, ಫೋಟೊಗೆಂದು ಕಿತ್ತದ್ದನ್ನು ಮುಗಿದ ಕೂಡಲೇ ಬಚ್ಚಲಿಗೆ ಹೋಗಿ ಮತ್ತೆ ಅಂಟಿಸಿಕೊಳ್ಳುತ್ತಿದ್ದೆ. ಅತ್ತೆಗೆ, ಇದು ಅಂಟಿಲ್ಲದ್ದು, ಅಡ್ಡಿಯಿಲ್ಲ ಎಂದು ಹೇಳಿದ್ದೆ. ಕಲೆ ಅಗಲವಾದಂತೆ ಟಿಕ್ಲಿಯನ್ನೂ ಅಗಲ ಮಾಡಿದೆ. ಕಲೆ ತಂದ ಟಿಕ್ಲಿಯಿಂದಲೇ ಕಲೆ ಮುಚ್ಚುವ ಜಾಣತನ ನನ್ನದು! ಗಂಡ ಬದುಕಿರುವಾಗ ಹಣೆ ಬರಿದು ಮಾಡಿಕೊಂಡು ಬೀದಿಗಿಳಿಯುವುದು ಹೇಗೆ? ಕಲೆ ಕಂಡರೆ "ತೊನ್ನು" ಎನ್ನುವ ಬಾಯಿಗಳಿಗೆ ಬೀಗ ಹಾಕುವವರಾರು?

ಒಂದು ಬೆಳಿಗ್ಗೆ ಅತ್ತೆ ಫೋನು ಹತ್ತಿರ ತಂದವರು ಒತ್ತಲಿಲ್ಲ. ಹೆಬ್ಬೆರಳಿನಿಂದ ನನ್ನ ಹಣೆ ಸವರಿ ನೋಡಿದರು.

"ಅಂಟ ಇನ್ನೂ ಹಸಿ ಅದೆ," ಎಂದರು.

ನಾನು ತಲೆ ತಗ್ಗಿಸಿದೆ. ಗದರುತ್ತಾರೆಂದುಕೊಂಡರೆ ದನಿ ಮತ್ತೂ ಸಣ್ಣದಾಯಿತು. "ಬೋಳ ಹಣೆಗೆ ಇಷ್ಟ ಹೆದರ್ತಿ. ಹಂಗಾರೆ ದಿನಾ ಬೆಳಗಾದ್ರೆ ನನ್ನ ಮುಖ ನೋಡೂಕೂ ಹೆದ್ರಿಕೆ ಆತದ್ಯಾ ನಿಂಗೆ?"

ಶುಭಕಾರ್ಯಕ್ಕೆ ಹೊರಡುವಾಗ ಅವರು ಎದುರಾಗದಿರಲಿ ಎಂದು ನಾನು ಒಳಗೇ ಕಾದು ನಿಂತದ್ದಿತ್ತು. ಅದು ಅವರಿಗೆ ಗೊತ್ತಿತ್ತು.

ಆ ದಿನವೇ ನನ್ನನ್ನು ಹೊರಡಿಸಿಕೊಂಡು ಅಂಕೋಲೆ ಪೇಟೆಗೆ ಹೋದರು. ನನ್ನ ಹಣೆಯಲ್ಲಿ ಕಲೆ ಬಿಟ್ಟರೆ ಏನೂ ಇಲ್ಲ. ಮೀನುಪೇಟೆಯಲ್ಲಿ ಪರಿಚಯದ ಹೆಂಗಸೊಬ್ಬಳು ನನ್ನ ಮುಖ ನೋಡಿ, ಬಂಗಡೆ ಆರಿಸುವುದನ್ನು ಬಿಟ್ಟು, ಅತ್ತೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಮಗ ಗಟ್ಟಿ ಅವ್ನೆ, ಆಫೀಸಿಗೆ ಹೋಗವ್ನೆ. ಇದು ಟಿಕ್ಲಿ ಅಂಟಿಂದ ಆದ ಕಲೆ, ಮದ್ದ ನಡೀತದೆ. ಮತ್ತೆ ಯಂತಾ ಕೇಳೂದದೆ?" ಮೀನಿನವಳು ನಕ್ಕಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು. ವಾಪಸು ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು.

ಅಂದಿನಿಂದ ಟಿಕ್ಲಿ ಮುಟ್ಟಲಿಲ್ಲ. ಮುಲಾಮನ್ನೂ ಅತ್ತೆಯೇ ಹಚ್ಚತೊಡಗಿದರು. "ಕುಂಕುಮ ನಾ ಹಚ್ಚೂಕಾಗ, ಮುಲಾಮ ಹಚ್ಚೂಕೆ ಯಾರ ಅಡ್ಡಿ ಅದೆ?" ಎನ್ನುವರು. ಮಳೆಗಾಲದ ಒಂದು ಫೋಟೊದಲ್ಲಿ ಬಿಳಿಯ ನಡುವೆ ಸಾಸಿವೆಯಂಥ ಕಂದು ಚುಕ್ಕಿಗಳು ಕಂಡವು. ಅತ್ತೆ ಅದನ್ನು ದೊಡ್ಡದು ಮಾಡಿಸಿ ನೋಡಿ, "ಅಗೆ ಮೂಡ್ತು ಮಗಾ!" ಎಂದು ಕೂಗಿದರು, ಬಿತ್ತಿದ ಭತ್ತ ಮೊಳೆತವರ ಹಾಗೆ. ಆ ಫೋಟೊವನ್ನು ಸಂತೋಷದಲ್ಲಿ ಕತ್ತರಿಸದೆ ಕಳಿಸಿಬಿಟ್ಟೆ. "ಬೆರಳು ಹೀಗೇ ಇರಲಿ, ಕಲೆ ಎಷ್ಟು ಕುಗ್ಗಿತೆಂದು ಅಳೆಯಲು ಅನುಕೂಲ," ಎಂದು ಡಾಕ್ಟರು ಬರೆದರು. ಅತ್ತೆಗೆ ಓದಿ ಹೇಳಿದೆ. ಅವರು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಹಣೆ ಪೂರ್ತಿ ತುಂಬುವುದನ್ನು ಅವರು ನೋಡಿದರು. ಮರುವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಗೋಡೆಗೆ ಹಾಕಲು ಫೋಟೊ ಬೇಕೆಂದು ಗಂಡ ನನ್ನ ಫೋನು ತೆಗೆದು ಹುಡುಕಿದರು. ಹಣೆ, ಹಣೆ, ಬರೀ ನನ್ನ ಹಣೆ. ಇಷ್ಟು ತೆಗೆಸಿಕೊಂಡವಳು ಒಂದು ಸಲವೂ ಫೋನನ್ನು ಅತ್ತೆಯ ಕಡೆ ತಿರುಗಿಸಿರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವರು ಯಾರೋ ಬೇರೆಯವರ ಹಾಗೆ ಕಾಣುತ್ತಾರೆ.

ಅವರದೇ ಎಂದು ನನ್ನ ಬಳಿ ಇರುವುದು ಆ ಸೀಳು ಉಗುರು. ಅದೂ ಕೊನೆಕೊನೆಯ ಫೋಟೊಗಳಲ್ಲಿ ಮಾತ್ರ. ಮೊದಲಿನವುಗಳಿಂದ ಅದನ್ನು ನಾನೇ ಕತ್ತರಿಸಿದ್ದೆ.