ಗವಸು ಹೊದ್ದ ಸೀಸೆ

ನನ್ನ ಓರಗಿತ್ತಿ ಸೀಸೆಗೆ ಮೋಸ ಮಾಡಿದಳು ಎಂದು ನಮ್ಮ ಬೀದಿಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಮಗಳನ್ನು ಮನೆಗೆ ಕರೆಸಿಕೊಳ್ಳುವ ಆಸೆಗೆ ಮೊಮ್ಮಗುವಿನ ಮೈಗೆ ವಿಷ ಹತ್ತಿಸಿದಳು ಎಂದೂ ಹೇಳುತ್ತಾರೆ. ಒಂದೇ ಮನೆಯಲ್ಲಿ, ನಡುವೆ ಒಂದು ಗೋಡೆ ಇಟ್ಟುಕೊಂಡು, ಮುಪ್ಪಿನವರೆಗೆ ಅವಳ ಜೊತೆ ಬಾಳಿದವಳು ನಾನು. ಅವಳು ಎಂಥವಳು ಎಂದು ಮೊದಲು ಹೇಳುತ್ತೇನೆ, ಸೀಸೆಯ ಸಂಗತಿ ಆಮೇಲೆ.

ನಮ್ಮ ಗಂಡಂದಿರು ಅಣ್ಣ ತಮ್ಮ. ಮದುವೆಗೆ ಮುಂಚಿನಿಂದಲೂ ಅವಳು ಬೀದಿಯ ಕೊನೆಗಿದ್ದ ಥರ್ಮಾಮೀಟರ್ ಕಾರ್ಖಾನೆಗೆ ಹೋಗುತ್ತಿದ್ದಳು. ಗಾಜಿನ ವಿಭಾಗದ ಕೆಲಸ. ಕೂದಲೆಳೆಯಂಥ ಕೊಳವೆಯೊಳಗೆ ಒಂದು ಕಣ ಧೂಳು ಹೊಕ್ಕರೂ ಪಾದರಸದ ಗೆರೆ ನಡುವೆ ತುಂಡಾಗುತ್ತದೆ, ಕೊಳವೆ ಹಾಳು. ಆದ್ದರಿಂದ ಕೊಳವೆಗಳ ತಟ್ಟೆಯನ್ನು ಸದಾ ಮುಚ್ಚಿಡಬೇಕು. ತೆರೆದಿಟ್ಟ ತಟ್ಟೆ ಕಣ್ಣಿಗೆ ಬಿದ್ದರೆ ಮೇಸ್ತ್ರಿ ಎಲ್ಲರೆದುರು ಅದನ್ನು ಕಸದ ಡಬ್ಬಿಗೆ ಸುರಿದು, ಮಾಡಿದವಳ ಕೈಯಲ್ಲೇ ಡಬ್ಬಿ ಹೊರಿಸುತ್ತಿದ್ದ. ಓರಗಿತ್ತಿ ಒಮ್ಮೆ ಹೊತ್ತಳು. ಮತ್ತೆಂದೂ ಹೊರಲಿಲ್ಲ.

ಆ ಅಭ್ಯಾಸ ಮನೆಗೂ ಬಂತು. ರೇಡಿಯೋಗೆ ಗವಸು, ಹೊಲಿಗೆ ಯಂತ್ರಕ್ಕೆ ಗವಸು, ಕೊಡೆಗೆ, ಕನ್ನಡಿಗೆ, ಗಂಡನ ಕನ್ನಡಕಕ್ಕೆ. ಬೀದಿಯವರು ಗವಸಮ್ಮ ಎಂದೇ ಕರೆಯುತ್ತಿದ್ದರು. ನನ್ನ ಮೈದುನ ಹೇಳುತ್ತಿದ್ದ: "ಅತ್ತಿಗೆ, ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನಗೂ ಒಂದು ಹೊಲಿದುಬಿಡ್ತಾಳೆ ಇವಳು."

"ನೀವು ಬಾಯಿ ಮುಚ್ಕೊಂಡ್ರೆ ಸಾಕು, ಗವಸಿನ ಬಟ್ಟೆ ಉಳಿಯುತ್ತೆ," ಎನ್ನುತ್ತಿದ್ದಳು ಇವಳು.

ಮೈದುನ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಆಸ್ಪತ್ರೆಗಳ ಪಾದರಸದ ಬಿ.ಪಿ. ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ. ಪಾದರಸ ಚೆಲ್ಲಿದರೆ ಕಾಗದದ ಅಂಚಿನಿಂದ ಗೋರಿ ಮತ್ತೆ ತುಂಬುತ್ತಿದ್ದ. ಸಿಗದೆ ಉಳಿದದ್ದು ನೆಲದ ಬಿರುಕಿಗೆ ಇಳಿಯುತ್ತಿತ್ತು. ಇಳಿದದ್ದು ಹೋಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಕಡೆಕಡೆಗೆ ಅವನ ಕೈ ನಡುಗಿ ಲೋಟದ ನೀರು ಬಾಯಿಗೆ ಮುಟ್ಟುತ್ತಿರಲಿಲ್ಲ. ಸಣ್ಣ ಮಾತಿಗೂ ರೇಗುತ್ತಿದ್ದ, ಆಮೇಲೆ ಅಳುತ್ತಿದ್ದ. ಹಾಗೆಯೇ ಹೋದ. ಕಾರ್ಖಾನೆಯೂ ಮುಚ್ಚಿತು.

ಅವರಿಗೊಬ್ಬಳೇ ಮಗಳು. ಬೇರೆ ಊರಿನಲ್ಲಿ ಬಾಡಿಗೆ ಮನೆ, ಗಂಡ ಲಾರಿ ಓಡಿಸುವವನು, ಕಂಕುಳಲ್ಲಿ ಹೆಣ್ಣು ಮಗು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಟ್ಟಿದ್ದಳು. "ಇಲ್ಲಿಗೇ ಬಾರೇ, ಪುಟ್ಟೀನ ನಾನು ನೋಡ್ಕೋತೀನಿ," ಎಂದು ತಾಯಿ ಕರೆಯುತ್ತಲೇ ಇದ್ದಳು. ಅಪ್ಪನ ಕೈ ನಡುಗಿದ್ದು ಮಗಳಿಗೆ ಮರೆತಿರಲಿಲ್ಲ. ಕಾರ್ಖಾನೆಯ ಸುತ್ತಿನ ಮನೆಗಳ ಗಾಳಿಯನ್ನು ಪರೀಕ್ಷೆ ಮಾಡುತ್ತಾರೆ ಎಂದು ಸುದ್ದಿಯಾದಾಗ ಅವಳು ಹೇಳಿದಳು: "ಮನೆ ಚೆನ್ನಾಗಿದೆ ಅಂತ ಅವರು ಹೇಳಲಿ, ಮಗು ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಇಲ್ಲ."

ಪರೀಕ್ಷೆಗೆ ಬಂದವಳು ಒಬ್ಬ ಹುಡುಗಿ, ಚೀಲದ ತುಂಬ ಅಂಗೈಯಗಲದ ಸೀಸೆಗಳು. ಸೀಸೆಯೊಳಗೆ ಬಿಳಿ ಕೊಳವೆ, ಅದರಲ್ಲಿ ಗಂಧಕ ಬೆರೆಸಿದ ಇದ್ದಿಲು. ಬಾಯಿ ಕೆಳಗಾಗಿ ಗೋಡೆಗೆ ತೂಗುಹಾಕಿದರೆ ಆಯಿತು. ಪಂಪು ಬೇಡ, ಕರೆಂಟು ಬೇಡ. ಗಾಳಿ ತಾನಾಗಿ ಒಳಗೆ ಹೋಗುತ್ತದೆ, ಅದರಲ್ಲಿ ಪಾದರಸದ ಆವಿ ಇದ್ದರೆ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಬೇಸಗೆ ಕಳೆಯುವವರೆಗೆ ಬಿಟ್ಟು, ಆಮೇಲೆ ಎಷ್ಟು ಹಿಡಿದಿದೆ ಎಂದು ನೋಡುತ್ತಾರೆ.

"ಸೀಸೆ ಮುಟ್ಟಬೇಡಿ, ಜಾಗ ಬದಲಾಯಿಸಬೇಡಿ, ಗಲೀಜಾಗದ ಹಾಗೆ ನೋಡ್ಕೊಳ್ಳಿ ಅಜ್ಜಿ," ಎಂದಳು ಹುಡುಗಿ. ನನ್ನ ಕೋಣೆಗೊಂದು, ಓರಗಿತ್ತಿಯ ಮುಂದಿನ ಕೋಣೆಗೊಂದು ತೂಗುಹಾಕಿ ಹೋದಳು.

ಆ ಬೇಸಗೆಯಲ್ಲಿ ಚರಂಡಿಗೆಂದು ಬೀದಿ ಅಗೆದರು. ಮನೆಯೊಳಗೆಲ್ಲ ಧೂಳು. ಇವಳು ಸೀಸೆಗೂ ಒಂದು ಗವಸು ಹೊಲಿದಳು. ಬರೀ ಬಟ್ಟೆಯಾದರೆ ಧೂಳು ತೂರೀತೆಂದು ಒಳಪದರಕ್ಕೆ ಮೈದುನ ಬಿ.ಪಿ. ಪಟ್ಟಿಗೆಂದು ತಂದಿಟ್ಟಿದ್ದ ರಬ್ಬರು ಬಟ್ಟೆ ಹಾಕಿ, ಬಾಯಿಗೆ ಲಾಡಿ ಪೋಣಿಸಿ ಬಿಗಿದಳು. ಸೀಸೆಯನ್ನು ಮುಟ್ಟಲಿಲ್ಲ, ಜಾಗ ಬದಲಾಯಿಸಲಿಲ್ಲ. ಅದನ್ನು ನಾನೂ ನೋಡಿದ್ದೆ. ಆ ಮನೆಯಲ್ಲಿ ಗವಸು ಇಲ್ಲದ್ದು ಕಣ್ಣಿಗೆ ಬೀಳುತ್ತಿತ್ತೇ ಹೊರತು ಇದ್ದದ್ದಲ್ಲ. ಹುಡುಗಿ ಬರುವ ದಿನ ಬೆಳಿಗ್ಗೆ ಗವಸು ತೆಗೆದು ಒಗೆದು ಮಡಿಸಿಟ್ಟಳು, ನೆಂಟರು ಬರುವಾಗ ಕುರ್ಚಿಯ ಗವಸು ತೆಗೆಯುವ ಹಾಗೆ.

ಇಡೀ ಬೀದಿಯಲ್ಲಿ ಪಾದರಸ ಅತಿ ಕಡಿಮೆ ಬಂದದ್ದು ಅವಳ ಕೋಣೆಯಲ್ಲಿ. ಗೋಡೆಯ ಈಚೆ ನನ್ನ ಕೋಣೆಯಲ್ಲಿ ಮಿತಿ ಮೀರಿತ್ತು. ನನ್ನ ನೆಲ ಅಗೆಸುವುದೆಂದಾಯಿತು, ಅವಳದು ಹಾಗೇ ಉಳಿಯಿತು. ಮಗಳು ಮಗುವನ್ನು ಎತ್ತಿಕೊಂಡು ಬಂದಳು.

ಮಳೆಗಾಲವೆಲ್ಲ ಪುಟ್ಟಿ ಆ ಮುಂದಿನ ಕೋಣೆಯ ನೆಲದಲ್ಲೇ ಅಂಬೆಗಾಲಿಟ್ಟಿತು, ಅಲ್ಲೇ ಮಲಗಿತು. ಥಂಡಿಯೆಂದು ಅಜ್ಜಿ ಕಿಟಕಿ ಮುಚ್ಚಿಡುತ್ತಿದ್ದಳು. ಚಳಿ ಶುರುವಾಗುವ ಹೊತ್ತಿಗೆ ಮಗುವಿನ ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಸುಲಿಯತೊಡಗಿತು. ಮೈಯೆಲ್ಲ ಬೆವರು. ನಿದ್ದೆಯಿಲ್ಲ, ಹಗಲೂ ರಾತ್ರಿ ಅಳು. ಹಿಡಿದುಕೊಂಡು ನಿಲ್ಲುತ್ತಿದ್ದ ಮಗು ನಿಲ್ಲುವುದನ್ನು ಬಿಟ್ಟಿತು. ಡಾಕ್ಟರು ಚರ್ಮದ ಮುಲಾಮು ಕೊಟ್ಟರು, ಆಮೇಲೆ ಬೇರೆ ಮುಲಾಮು ಕೊಟ್ಟರು.

ಅಷ್ಟರಲ್ಲಿ ನನ್ನ ಕೋಣೆ ಅಗೆದರು. ಅಗೆದ ಮಣ್ಣಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಪಾದರಸ ಸಿಕ್ಕಿದ್ದು ನಡುಗೋಡೆಯ ಬುಡದಲ್ಲಿ ಮಾತ್ರ, ಆಚೆ ಕಡೆಯಿಂದ ಜಿನುಗಿ ಬಂದ ಹಾಗೆ. ಸೀಸೆಯ ಹುಡುಗಿ ಆ ಬುಡವನ್ನೇ ನೋಡುತ್ತ ನಿಂತಳು. ಆಮೇಲೆ ಆಚೆ ಮನೆಗೆ ಹೋದಳು, ಹಿಂದೆ ನಾನೂ ಹೋದೆ.

"ಅಜ್ಜಿ, ಆ ಸೀಸೆಗೆ ಏನಾದ್ರೂ ಆಗಿತ್ತಾ? ಬಿದ್ದಿತ್ತಾ?"

"ಬೀಳೋದಾ? ನಮ್ಮನೇಲಾ?" ಎಂದು ಒಳಗೆ ಹೋದವಳು ಗವಸು ತಂದು ಹುಡುಗಿಯ ಕೈಗಿಟ್ಟಳು. "ಇದರೊಳಗೆ ಇಟ್ಟಿದ್ದೆ ನೋಡಮ್ಮ. ಒಂದು ಕಣ ಧೂಳು ಬಿದ್ದಿದ್ರೆ ಕೇಳು."

ಹುಡುಗಿ ಗವಸನ್ನು ಒಳಹೊರಗು ಮಾಡಿ ನೋಡಿದಳು. ರಬ್ಬರು ಬಟ್ಟೆಯನ್ನು ಬೆರಳಿನಿಂದ ಒತ್ತಿದಳು. "ಅದಕ್ಕೆ ಗಾಳಿಯೇ ಸಿಕ್ಕಿಲ್ಲ ಅಜ್ಜಿ," ಎಂದಳು ಮೆಲ್ಲಗೆ. "ಮುಚ್ಚಬಾರದು ಅಂತ ನಾನು ಹೇಳಬೇಕಿತ್ತು."

ಬಾಗಿಲಲ್ಲಿ ಮಗಳು ನಿಂತಿದ್ದಳು, ಹೆಗಲ ಮೇಲೆ ಮಗು. "ನಾನು ಬರಲಿ ಅಂತ ಮುಚ್ಚಿದ್ಯಾ?"

"ಧೂಳು ಕೂರಬಾರದು ಅಂತ ಕಣೇ."

"ಅಪ್ಪನ ಕೈ ನೋಡಿದ್ಯಲ್ಲಮ್ಮ."

ಓರಗಿತ್ತಿ ನನ್ನ ಮುಖ ನೋಡಿದಳು. ನಿಮ್ಮಮ್ಮ ಹೇಳೋದು ನಿಜ ಕಣೇ ಎಂದು ನಾನು ಮಗಳಿಗೆ ಹೇಳಿದೆ. ನನ್ನ ಮಾತು ಯಾರಿಗೆ ಬೇಕಿತ್ತು? ಸಂಜೆಯೊಳಗೆ ಮಗಳು ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಿದಳು. ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ.

ಮುಂದಿನ ಕೋಣೆ ಅಗೆದಾಗ ಮೈದುನ ಕೂರುತ್ತಿದ್ದ ಜಾಗದ ಕೆಳಗಿಂದ ಪಾದರಸ ಬೆಳ್ಳಗೆ ಗುಂಡುಗುಂಡಾಗಿ ಉರುಳಿ ಬಂತು. ಓರಗಿತ್ತಿ ನಿಂತು ನೋಡಿದಳು. ಹೊಸ ನೆಲ ಹಾಕಿ, ಹೊಸ ಸೀಸೆ ತೂಗುಹಾಕಿ, ತಿಂಗಳುಗಳಾದ ಮೇಲೆ ಈ ಸಲ ನಿಜವಾಗಿಯೂ ಕಡಿಮೆ ಬಂತು. ಅವಳ ಪರವಾಗಿ ಮಗಳಿಗೆ ನಾನೇ ಫೋನು ಮಾಡಿದೆ. ಫೋನಿನ ದನಿ ಜೋರು, ಪಕ್ಕದಲ್ಲಿ ಕೂತಿದ್ದ ಅವಳಿಗೂ ಕೇಳಿಸಿತು.

"ದೊಡ್ಡಮ್ಮ, ಅದಕ್ಕೂ ಗವಸು ಹಾಕಿದ್ಳಾ ಕೇಳಿ."

ಓರಗಿತ್ತಿ ಹುಡುಗಿಯನ್ನು ಕಾಡಿ ಬೇಡಿ ಇನ್ನೊಂದು ಸೀಸೆ ಹಾಕಿಸಿಕೊಂಡಳು. ಅದರ ಎದುರಿಗೆ ಕುರ್ಚಿ ಹಾಕಿ ಕೂರುತ್ತಿದ್ದಳು. ಹಾಲಿನವನು ಬಂದರೂ ಕರೆಯುವಳು: "ಬಾರಪ್ಪ, ನೋಡು, ಬರೀ ಮೈಯಲ್ಲಿದೆ ತಾನೆ?" ಅವನು ಹೂಂ ಎಂದು ಹೋಗುವನು. ಸೀಸೆಯ ಭುಜದ ಮೇಲೆ ಧೂಳು ಕೂರುವುದನ್ನು ನೋಡಲಾರದೆ ಕೈ ಮುಂದೆ ಹೋಗುತ್ತಿತ್ತು. ಆ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ ತಣ್ಣಗಾಗಿದ್ದಳು.

ಮಗಳು ಬಂದಳು. ಅಳಿಯ ಪುಟ್ಟಿಯನ್ನು ಎತ್ತಿಕೊಂಡು ಬೀದಿಯಲ್ಲೇ ನಿಂತ. ಮಗು ಇನ್ನೂ ನಡೆಯುತ್ತಿರಲಿಲ್ಲ. ಸೀಸೆಯನ್ನು ಒರೆಸಲು ನಾನು ಯಾರಿಗೂ ಬಿಟ್ಟಿರಲಿಲ್ಲ. ಮಗಳನ್ನು ಅದರ ಮುಂದೆ ತಂದು ನಿಲ್ಲಿಸಿದೆ.

ಅವಳು ಬೆರಳು ಚಾಚಿ ಸೀಸೆಯ ಭುಜದ ಮೇಲೊಂದು ಗೆರೆ ಎಳೆದಳು. ಬೆರಳ ತುದಿ ಬೂದಿಬಣ್ಣವಾಯಿತು.

"ಈ ಮನೇಲಿ ಧೂಳು ನೋಡಿದ್ದೇ ಇಲ್ಲ ದೊಡ್ಡಮ್ಮ ನಾನು," ಎಂದಳು. ಬೆರಳನ್ನು ಒರೆಸಿಕೊಳ್ಳದೆ ತಾಯಿಯ ಪಕ್ಕ ಹೋಗಿ ಕೂತಳು.