ಕೆರೆಗೆ ಮುಖ ಮಾಡಿದ ಕುರ್ಚಿ

ಯಲಹಂಕ ಕೆರೆಯ ಪಕ್ಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಸೆಕ್ಯುರಿಟಿಯವರಿದ್ದರು. ಬ್ಯಾಟರಾಯನಪುರದವರು, ಸೇನೆಯಿಂದ ನಿವೃತ್ತರಾದವರು. ಅವರ ಪ್ಲಾಸ್ಟಿಕ್ ಕುರ್ಚಿ ಯಾವಾಗಲೂ ಕೆರೆಗೆ ಮುಖ ಮಾಡಿರುತ್ತಿತ್ತು. ಕಾಯಬೇಕಾದ ಗೇಟು ಬೆನ್ನ ಹಿಂದೆ. ಸಂಘದ ಕಾರ್ಯದರ್ಶಿ ದಿನಾ ಬೆಳಿಗ್ಗೆ ಅದನ್ನು ತಾವೇ ತಿರುಗಿಸಿಟ್ಟು ಆಫೀಸಿಗೆ ಹೋಗುತ್ತಿದ್ದರು. ಅವರ ಕಾರು ಮರೆಯಾದ ಕೂಡಲೇ ಕುರ್ಚಿ ಮತ್ತೆ ಕೆರೆಯ ಕಡೆಗೆ.

"ಗೇಟ್ ಎಲ್ಲಿಗೂ ಹೋಗಲ್ಲ ಬಿಡಿ ಸಾರ್" ಎನ್ನುತ್ತಿದ್ದರು ಸೆಕ್ಯುರಿಟಿಯವರು.

ಒಮ್ಮೆ ಕಾರಣ ಕೇಳಿದೆ. ಲಡಾಖಿನ ಎತ್ತರದಲ್ಲಿ, ಒಂದು ಸರೋವರದ ದಡದಲ್ಲಿ ಅವರು ಕಾವಲಿದ್ದರಂತೆ.

"ನಮ್ ಡ್ಯೂಟಿ ಬೆಟ್ಟ ನೋಡೋದು. ಕಾಡುಕತ್ತೆ ಮೇಯೋದು, ನರಿ ಓಡೋದು, ಎಲ್ಲಾ ನೋಡಿದೀನಿ. ನೀರು ಬೆನ್ನಿಂದೆ. ಬೇಸಿಗೇಲಿ ಬಾತುಗಳು ಬಂದು ಅಲ್ಲೇ ಮರಿ ಮಾಡೋವು. ತಿರುಗಿ ನೋಡಂಗಿಲ್ಲ. ಡ್ಯೂಟಿ ಮುಗಿಯೋ ಹೊತ್ತಿಗೆ ಕತ್ತಲಾಗೋದು. ಕೂಗು ಕೇಳಿದ್ದಷ್ಟೇ ಸಾರ್."

ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಕೆರೆಗೆ ಏಳೆಂಟು ಬೂದು ಬಾತುಗಳು ಇಳಿದವು. ಬಿಳಿ ತಲೆಯ ಮೇಲೆ ಎರಡೆರಡು ಕಪ್ಪು ಪಟ್ಟೆ. ಲಡಾಖಿನ ಕಡೆಯಿಂದ ಹಿಮಾಲಯ ದಾಟಿ ಬರುವ ಬಾತುಗಳಿವು ಎಂದು ನಾನು ಮೊಬೈಲಿನಲ್ಲಿ ಓದಿ ಹೇಳಿದೆ. ಅವರು ತುಂಬಾ ಹೊತ್ತು ದಿಟ್ಟಿಸಿ ನೋಡಿದರು.

"ಗುರುತು ಸಿಗ್ತಿಲ್ಲ" ಅಂದರು.

ಆಮೇಲೆ ಕುರ್ಚಿಯಿಂದ ಎದ್ದು ಕೆರೆಗೆ ಬೆನ್ನು ಮಾಡಿದರು. ನೆಟ್ಟಗೆ ನಿಂತು ಗೇಟಿನ ಮೇಲೆ ಕಣ್ಣಿಟ್ಟರು. ಹಿಂದೆ ನೀರಿನಿಂದ ಒಂದು ಕೂಗು ಬಂತು, ಅದಕ್ಕೆ ಇನ್ನೊಂದು ಓಗೊಟ್ಟಿತು.

"ಅವೇ ಸಾರ್" ಅಂದರು, ತಿರುಗದೆ.